ಬೆಟ್ಟಕ್ಕೆ ನಡೆಯುವ ಮುನ್ನ ಪಾದ ನೋಡಿಕೊಳ್ಳಿ

ಮಹಾಶಿವರಾತ್ರಿಗೆ ಇನ್ನೂ ಕೆಲವು ದಿನವಿರುವಾಗಲೇ ನಮ್ಮ ಭಾಗದ ರಸ್ತೆಗಳ ಅಂಚಿನಲ್ಲಿ ಜನ ಗುಂಪುಗುಂಪಾಗಿ ನಡೆಯಲು ಶುರುಮಾಡುತ್ತಾರೆ. ಹೆಗಲಲ್ಲೊಂದು ಚೀಲ, ಕೈಯಲ್ಲೊಂದು ಕೋಲು, ಬಾಯಲ್ಲಿ 'ಉಘೇ ಉಘೇ ಮಾದಪ್ಪ'. ಮಾಗಡಿ, ರಾಮನಗರ ಕಡೆಯವರು ಕನಕಪುರದ ಮೇಲೆ ಬಂದರೆ, ಚನ್ನಪಟ್ಟಣದವರು ನೇರವಾಗಿ ಸಾತನೂರು ಸೇರುತ್ತಾರೆ. ಅಲ್ಲಿಂದ ಮುಂದೆ ಸಂಗಮ. ಕನಕಪುರದಿಂದ ಸಂಗಮಕ್ಕೇ ಸುಮಾರು 35 ಕಿ.ಮೀ. ಅರ್ಕಾವತಿ ಕಾವೇರಿಯನ್ನು ಕೂಡುವ ಆ ಜಾಗದಲ್ಲಿ ಹೊಳೆ ದಾಟಿದರೆ ಬೊಮ್ಮಸಂದ್ರ. ಆಮೇಲೆ ಕಾವೇರಿ ವನ್ಯಜೀವಿಧಾಮದ ಕಾಡು. ಕಾಡು ಮುಗಿದರೆ ಶಾಗ್ಯ, ಕೌದಳ್ಳಿ, ತಾಳಬೆಟ್ಟ. ಕೊನೆಗೆ ಏರುದಾರಿ ಹತ್ತಿದರೆ ಮಲೆ ಮಹದೇಶ್ವರ ಬೆಟ್ಟ.

ಈ ಯಾತ್ರೆ ಮುಗಿಸಿ ಬಂದವರಲ್ಲಿ ಹಲವರು ಮರುವಾರ ನನ್ನಂಥ ವೈದ್ಯರ ಮುಂದೆ ಕೂರುತ್ತಾರೆ. ಬೊಬ್ಬೆ, ಉಳುಕು, ಭೇದಿ, ಜ್ವರ ಇವೇ ಹೆಚ್ಚು. ಇವೆಲ್ಲ ವಾಸಿಯಾಗುತ್ತವೆ. ಆದರೆ ವಾಸಿಯಾಗದ ಒಂದು ಪ್ರಸಂಗವನ್ನು ಹೇಳಿ, ಆಮೇಲೆ ಕಾಡುದಾರಿಯ ಒಂದು ದಿನವನ್ನು ದೇಹಕ್ಕೆ ಪೆಟ್ಟಾಗದಂತೆ ಕಳೆಯುವುದು ಹೇಗೆಂದು ತಿಳಿಸುತ್ತೇನೆ.

ನೋವೇ ಇಲ್ಲದ ಯಾತ್ರೆ

ಅವರು ರೇಷ್ಮೆ ನೂಲು ಬಿಚ್ಚುವ ಕೆಲಸದವರು. ವಯಸ್ಸು ಐವತ್ತರ ಮೇಲೆ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಆರು ವರ್ಷದಿಂದ ನನ್ನಲ್ಲೇ ಚಿಕಿತ್ಸೆ. ಮಗಳ ಹೆರಿಗೆ ಸುಸೂತ್ರವಾದರೆ ಬರಿಗಾಲಲ್ಲಿ ಬೆಟ್ಟಕ್ಕೆ ಬರುವೆನೆಂದು ಹರಕೆ ಹೊತ್ತಿದ್ದರು. ಹಾಗೆಯೇ ನಡೆದು ಹೋಗಿ ಬಸ್ಸಿನಲ್ಲಿ ಹಿಂತಿರುಗಿದರು. ಬಂದ ಐದನೆಯ ದಿನ ಅವರ ಹೆಂಡತಿಗೆ ಚಾಪೆಯ ಹತ್ತಿರ ಏನೋ ಕೆಟ್ಟ ವಾಸನೆ ಬಂತು. ನೋಡಿದರೆ ಎಡಗಾಲಿನ ಬೆರಳುಗಳ ಬುಡದಲ್ಲಿ ಕೀವು. ಒಳಗೆ ಜಾಲಿ ಮುಳ್ಳಿನ ತುಂಡು ಹಾಗೇ ಇತ್ತು.

"ನೋವಾಗಲಿಲ್ಲವೇ?" ಎಂದು ಕೇಳಿದೆ. "ಇಲ್ಲ ಡಾಕ್ಟ್ರೇ. ಹಿಂದೆಲ್ಲ ನಡೆದಾಗ ಅಂಗಾಲು ಉರಿಯೋದು. ಈ ಸಲ ಒಂಚೂರೂ ನೋವು ಕಾಣ್ಲಿಲ್ಲ. ಮಾದಪ್ಪನೇ ನೋವ ತಕ್ಕೊಂಡುಬುಟ್ಟ ಅಂದ್ಕೊಂಡೆ" ಎಂದರು.

ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಜೀವ ಉಳಿಯಿತು, ಕಾಲೂ ಉಳಿಯಿತು. ಎರಡು ಬೆರಳು ಹೋದವು.

ಇದರಲ್ಲಿ ನನ್ನ ತಪ್ಪೂ ಇದೆ. ಆರು ವರ್ಷ ಅವರ ರಕ್ತದ ಸಕ್ಕರೆ ನೋಡಿದ್ದೇನೆ, ಮಾತ್ರೆ ಬದಲಿಸಿದ್ದೇನೆ, ಅನ್ನ ಕಡಿಮೆ ಮಾಡಿರೆಂದು ಗದರಿದ್ದೇನೆ. ಒಮ್ಮೆಯೂ ಚಪ್ಪಲಿ ಬಿಚ್ಚಿಸಿ ಪಾದ ಮುಟ್ಟಿ ನೋಡಿರಲಿಲ್ಲ. ನೋಡಿದ್ದರೆ ಆ ಪಾದಗಳಿಗೆ ಸ್ಪರ್ಶವೇ ತಿಳಿಯುತ್ತಿಲ್ಲವೆಂದು ಗೊತ್ತಾಗುತ್ತಿತ್ತು. ಬರಿಗಾಲಲ್ಲಿ ಹೋಗಬೇಡಿ ಎಂದು ಹೇಳಬಹುದಿತ್ತು.

ನೋವು ಕಾವಲುಗಾರ

ಇಂಗ್ಲೆಂಡಿನ ಶಸ್ತ್ರವೈದ್ಯ ಡಾ. ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಕೈಕಾಲು ತಾನಾಗಿಯೇ ಕೊಳೆತು ಉದುರುತ್ತದೆಂದು ಆಗ ಎಲ್ಲರೂ ನಂಬಿದ್ದರು. ಅದು ಸರಿಯಲ್ಲವೆಂದು ಬ್ರಾಂಡ್ ತೋರಿಸಿಕೊಟ್ಟರು. ಆ ರೋಗ ನರಗಳನ್ನು ಕೆಡಿಸಿ ನೋವಿನ ಅರಿವನ್ನು ಕಸಿಯುತ್ತದೆ. ನೋವು ತಿಳಿಯದವನು ಬಿಸಿ ಪಾತ್ರೆ ಹಿಡಿದೇ ಇರುತ್ತಾನೆ, ಮೊಳೆ ಚುಚ್ಚಿದರೂ ನಡೆಯುತ್ತಲೇ ಇರುತ್ತಾನೆ. ಅಂಗ ಹಾಳಾಗುವುದು ಈ ಗಾಯಗಳಿಂದ.

ಸಕ್ಕರೆ ಕಾಯಿಲೆಯಲ್ಲೂ ಆಗುವುದು ಇದೇ. ಹತೋಟಿಯಿಲ್ಲದ ಸಕ್ಕರೆ ವರ್ಷಗಳ ಕಾಲ ನರಗಳನ್ನು ಸವೆಸುತ್ತದೆ. ಅತಿ ಉದ್ದದ ನರಗಳು ಮೊದಲು ಕೆಡುವುದರಿಂದ ಕಾಲ್ಬೆರಳ ತುದಿಯಲ್ಲಿ ಜೋಮು ಆರಂಭವಾಗುತ್ತದೆ. ಕೆಲವರಿಗೆ ಮೊದಲು ಉರಿ, ಚುಚ್ಚಿದ ಅನುಭವ ಇರುತ್ತದೆ. ಆ ಉರಿ ನಿಂತಿತೆಂದರೆ ಯಾವಾಗಲೂ ಗುಣವಾಯಿತೆಂದು ಅರ್ಥವಲ್ಲ. ನರ ಪೂರ್ತಿ ಸುಮ್ಮನಾಗಿರಲೂಬಹುದು.

ಮನೆಯಲ್ಲೇ ಮಾಡುವ ಆರು ಬೆರಳ ಪರೀಕ್ಷೆ

ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯ ವೈದ್ಯರು 2011ರಲ್ಲಿ ಪ್ರಕಟಿಸಿದ ಸರಳ ಪರೀಕ್ಷೆಯೊಂದಿದೆ. ಉಪಕರಣ ಏನೂ ಬೇಡ.

ಕಾಲು ಚಾಚಿ ಮಲಗಿ, ಕಣ್ಣು ಮುಚ್ಚಿಕೊಳ್ಳಿ. ಮನೆಯವರೊಬ್ಬರು ತೋರುಬೆರಳ ತುದಿಯಿಂದ ನಿಮ್ಮ ಕಾಲ್ಬೆರಳ ತುದಿಯನ್ನು ಹಗುರವಾಗಿ ಒಂದೆರಡು ಸೆಕೆಂಡು ಮುಟ್ಟಬೇಕು. ಒತ್ತಬಾರದು, ಸವರಬಾರದು. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಒಟ್ಟು ಆರು ಕಡೆ. ಮುಟ್ಟಿದ್ದು ತಿಳಿದಾಗ ಎಡಗಾಲೋ ಬಲಗಾಲೋ ಎಂದು ನೀವು ಹೇಳಬೇಕು. ತಿಳಿಯದ ಕಡೆ ಎರಡನೆಯ ಸಲ ಮುಟ್ಟಬಾರದು.

ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ನಿಮ್ಮ ಪಾದದ ಕಾವಲುಗಾರ ನಿದ್ದೆ ಹೋಗಿದ್ದಾನೆಂದು ತಿಳಿಯಿರಿ. ವೈದ್ಯರನ್ನು ಕಾಣಿರಿ. ಅವರು ಪಾದದ ನಾಡಿಯನ್ನೂ ನೋಡಿ ರಕ್ತಸಂಚಾರ ಹೇಗಿದೆಯೆಂದು ಹೇಳುತ್ತಾರೆ. ಎಲ್ಲ ಸರಿ ಎಂದು ಬಂದರೂ ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ವೈದ್ಯರಿಗೆ ಪಾದ ತೋರಿಸಲೇಬೇಕು. ನಮ್ಮಲ್ಲಿ ಡಾಕ್ಟರ ಮುಂದೆ ಕಾಲು ಚಾಚುವುದು ಅಗೌರವವೆಂಬ ಸಂಕೋಚ ಇದೆ. ಅದನ್ನು ಬಿಡಿ. ನಾವು ಕೇಳುವುದನ್ನು ಮರೆತರೆ ನೀವೇ ಚಪ್ಪಲಿ ಬಿಚ್ಚಿ ಕಾಲು ಮುಂದಿಡಿ.

ಹೊರಡುವ ಮುನ್ನ

ವರ್ಷವಿಡೀ ಕುಳಿತೇ ಕೆಲಸ ಮಾಡುವವರು ಒಮ್ಮೆಗೇ ದಿನಕ್ಕೆ 30 ಕಿ.ಮೀ. ನಡೆಯಲು ಹೊರಟರೆ ಮೈ ಒಪ್ಪುವುದಿಲ್ಲ. ಅಷ್ಟು ದೂರಕ್ಕೆ ಸುಮಾರು 40 ಸಾವಿರ ಹೆಜ್ಜೆ ಬೇಕು. ಅಂದರೆ ಒಂದೊಂದು ಪಾದವೂ ಮೈಭಾರ, ಚೀಲದ ಭಾರ ಎರಡನ್ನೂ ಹೊತ್ತು 20 ಸಾವಿರ ಸಲ ನೆಲಕ್ಕೆ ತಾಗುತ್ತದೆ. ಒಂದೂವರೆ ತಿಂಗಳ ಮೊದಲೇ ಕೆರೆ ಏರಿಯ ಮೇಲೋ ಊರ ರಸ್ತೆಯಲ್ಲೋ ಅಭ್ಯಾಸ ಶುರುಮಾಡಿ. ಕೊನೆಯ ಎರಡು ವಾರ ಯಾತ್ರೆಗೆ ಒಯ್ಯುವ ಚೀಲವನ್ನೇ ಹೊತ್ತು, ಯಾತ್ರೆಗೆ ಹಾಕುವ ಪಾದರಕ್ಷೆಯನ್ನೇ ತೊಟ್ಟು ನಡೆಯಿರಿ. ಹೊಸ ಬೂಟು ಹಾಕಿಕೊಂಡು ಹೊರಡುವುದು ಬೊಬ್ಬೆಯನ್ನು ಕರೆದಂತೆ. ನಡೆದಂತೆಲ್ಲ ಪಾದ ಊದಿಕೊಳ್ಳುವುದರಿಂದ ಬೂಟನ್ನು ಸಂಜೆಯ ಹೊತ್ತು, ಕಾಲ್ಚೀಲ ಹಾಕಿಕೊಂಡೇ ಅಳತೆ ನೋಡಿ ಕೊಳ್ಳಿ. ಹೆಬ್ಬೆರಳ ಮುಂದೆ ಅರ್ಧ ಬೆರಳಷ್ಟು ಜಾಗವಿರಲಿ.

ಚೀಲದ ಭಾರ ನಿಮ್ಮ ತೂಕದ ಹತ್ತನೆಯ ಒಂದು ಭಾಗ ಮೀರದಿರಲಿ. 60 ಕಿಲೋ ತೂಗುವವರಿಗೆ 6 ಕಿಲೋ ಸಾಕು. ಒಂದೇ ಹೆಗಲಿಗೆ ಜೋತುಬಿಡುವ ಚೀಲಕ್ಕಿಂತ ಎರಡೂ ಹೆಗಲಿಗೆ ಪಟ್ಟಿಯಿರುವ ಚೀಲ ಮೇಲು. ಅದರಲ್ಲಿ ಇರಬೇಕಾದವು ಇಷ್ಟು: 2 ಲೀಟರ್ ನೀರು, ಓ.ಆರ್.ಎಸ್. ಪೊಟ್ಟಣ, ಬೆಲ್ಲ ಅಥವಾ ಸಕ್ಕರೆ, ಕಡಲೆಕಾಯಿ ಬೀಜ, ಎರಡು ಜೊತೆ ಒಣ ಕಾಲ್ಚೀಲ, ತಲೆಗೆ ವಸ್ತ್ರ, ಅಂಟುಪಟ್ಟಿ, ಹತ್ತಿ, ಗಾಯ ತೊಳೆಯುವ ಔಷಧಿ, ಟಾರ್ಚ್, ಸಣ್ಣ ಕನ್ನಡಿ, ದಿನವೂ ನುಂಗುವ ಮಾತ್ರೆಗಳು, ನಿಮ್ಮ ಕಾಯಿಲೆ ಮತ್ತು ಔಷಧಿಯ ಹೆಸರು ಬರೆದ ಚೀಟಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಹತ್ತು ವರ್ಷವಾಗಿದ್ದರೆ ಹೊರಡುವ ಮೊದಲೇ ಮತ್ತೊಮ್ಮೆ ಹಾಕಿಸಿಕೊಳ್ಳಿ.

ಬೆಳಗ್ಗೆ: ಹೊಳೆ ದಾಟುವಾಗ

ಸಂಗಮದಿಂದಾಚೆ ಆನೆ, ಚಿರತೆಗಳಿರುವ ಕಾಡು. ಬಿಸಿಲಿಗೆ ಮೊದಲೇ ದಾರಿ ಸಾಗಿಸೋಣವೆಂದು ಕತ್ತಲಲ್ಲಿ ಹೊರಡಬೇಡಿ. ಬೆಳಕು ಹರಿದ ಮೇಲೆ, ಗುಂಪಿನಲ್ಲಿ, ಅರಣ್ಯ ಇಲಾಖೆ ಅನುಮತಿ ಕೊಟ್ಟ ದಾರಿಯಲ್ಲಿ, ಕೊಟ್ಟ ಹೊತ್ತಿನಲ್ಲಷ್ಟೇ ನಡೆಯಿರಿ. ಹೊಳೆಯ ನೀರು ಏರುವುದು ದಡದಲ್ಲಿ ನಿಂತವರಿಗೆ ಮುಂಚಿತವಾಗಿ ತಿಳಿಯುವುದಿಲ್ಲ. ಸಿಬ್ಬಂದಿ ಬೇಡವೆಂದರೆ ಇಳಿಯಬಾರದು.

ಹೊಳೆಯ ನೀರನ್ನು ಬೊಗಸೆಯಲ್ಲೆತ್ತಿ ಕುಡಿಯುವ ಅಭ್ಯಾಸ ಹಲವರಿಗಿದೆ. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಅರ್ಕಾವತಿಗೆ ಸೇರುತ್ತದೆ, ಅರ್ಕಾವತಿ ಇಲ್ಲಿ ಕಾವೇರಿಗೆ ಸೇರುತ್ತದೆ ಎಂಬುದು ನೆನಪಿರಲಿ. ನೀರು ಕಣ್ಣಿಗೆ ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧವಲ್ಲ. ಕುದಿಸಿದ ನೀರನ್ನೇ ಒಯ್ಯಿರಿ. ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ದಾಟಿದ ಮೇಲೆ ಮಾಡಬೇಕಾದ ಮೊದಲ ಕೆಲಸವೆಂದರೆ ಕುಳಿತು ಪಾದ ಒರೆಸುವುದು. ಬೆರಳ ಸಂದುಗಳನ್ನೂ ಒಣಗಿಸಿ, ಒಣ ಕಾಲ್ಚೀಲ ಹಾಕಿ ಹೊರಡಿ. ಒದ್ದೆ ಚರ್ಮಕ್ಕೆ ತಿಕ್ಕಾಟ ಹೆಚ್ಚು. ಮೇಲಿನ ಪದರ ಒಂದು ಕಡೆ, ಒಳಗಿನ ಪದರ ಇನ್ನೊಂದು ಕಡೆ ಎಳೆದಾಡಿ ನಡುವೆ ಬಿರುಕಾಗುತ್ತದೆ. ಆ ಬಿರುಕಿನಲ್ಲಿ ನೀರು ತುಂಬಿದ್ದೇ ಬೊಬ್ಬೆ.

ಮೊದಲ ಉರಿಗೆ ನಿಲ್ಲಿ

ಬೊಬ್ಬೆ ಒಮ್ಮೆಗೇ ಬರುವುದಿಲ್ಲ. ಮೊದಲು ಒಂದು ಕಡೆ ಬಿಸಿಯಾಗಿ ಉರಿಯುತ್ತದೆ, ಚರ್ಮ ಕೆಂಪಾಗುತ್ತದೆ. ಮುಂದಿನ ನೆರಳಿನಲ್ಲಿ ನೋಡಿದರಾಯಿತೆಂದು ನಡೆದರೆ ಅರ್ಧ ಗಂಟೆಯಲ್ಲಿ ಬೊಬ್ಬೆ ಸಿದ್ಧ. ಗುಂಪಿನವರು ಗೇಲಿ ಮಾಡಿದರೂ ಸರಿ, ಅಲ್ಲೇ ಕೂರಿ. ಬೂಟಿನೊಳಗೆ ಮರಳಿದ್ದರೆ ಕೊಡವಿ, ಬೆವರು ಒರೆಸಿ, ಉರಿಯುವ ಜಾಗಕ್ಕೆ ಸುಕ್ಕಿಲ್ಲದಂತೆ ಅಂಟುಪಟ್ಟಿ ಹಾಕಿ. ಐದು ನಿಮಿಷದ ಈ ಕೆಲಸ ಐದು ದಿನದ ಕುಂಟುವಿಕೆಯನ್ನು ತಪ್ಪಿಸುತ್ತದೆ.

ಬೊಬ್ಬೆ ಬಂದೇಬಿಟ್ಟರೆ, ಚಿಕ್ಕದಾದರೆ ಮುಟ್ಟಬೇಡಿ, ಮುಚ್ಚಿಡಿ. ದೊಡ್ಡದಾಗಿ ನಡೆಯಲು ಆಗದಿದ್ದರೆ ಕೈ ತೊಳೆದು, ಹೊಸ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಹೊರಹಾಕಿ, ಮೇಲಿನ ಚರ್ಮ ಕೀಳದೆ ಶುದ್ಧ ಪಟ್ಟಿ ಕಟ್ಟಿ. ಸಕ್ಕರೆ ಕಾಯಿಲೆಯವರು ಇದನ್ನು ತಾವೇ ಮಾಡಿಕೊಳ್ಳಬಾರದು.

ಬರಿಗಾಲ ಹರಕೆಯವರಿಗೆ ಒಂದು ಮಾತು. ಕಾಡಿನಲ್ಲಿ ಜಾಲಿ, ಕಗ್ಗಲಿ ಮುಳ್ಳಿದೆ. ಮಧ್ಯಾಹ್ನದ ಡಾಂಬರು ರಸ್ತೆ 50 ಡಿಗ್ರಿಗೂ ಹೆಚ್ಚು ಕಾಯಬಲ್ಲದು. ಅಭ್ಯಾಸವಿರುವ, ಆರೋಗ್ಯವಂತರ ಅಂಗಾಲು ಇದನ್ನು ಎಷ್ಟೋ ತಾಳಿಕೊಂಡೀತು. ಏಕೆಂದರೆ ಸುಟ್ಟರೆ ಅವರು ಕಾಲೆತ್ತುತ್ತಾರೆ. ಸ್ಪರ್ಶ ತಿಳಿಯದವರು ಎತ್ತುವುದಿಲ್ಲ. ಅಂಥವರು ಒಂದು ಹೆಜ್ಜೆಯನ್ನೂ ಬರಿಗಾಲಲ್ಲಿ ಇಡಬಾರದು.

ಮಧ್ಯಾಹ್ನ: ಬಿಸಿಲು ಮತ್ತು ನೀರು

ಬಿಸಿಲಲ್ಲಿ ನಡೆಯುವವರ ಮೈಯಿಂದ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಹೋಗುತ್ತದೆ. ಜೊತೆಗೆ ಉಪ್ಪೂ ಹೋಗುತ್ತದೆ. ನೀರು ಕುಡಿಯದಿರುವುದು ತಪ್ಪು. ಬಾಯಾರಿಕೆ ಇಲ್ಲದಿದ್ದರೂ ಬರೀ ನೀರನ್ನೇ ಲೀಟರುಗಟ್ಟಲೆ ಸುರಿದುಕೊಳ್ಳುವುದೂ ತಪ್ಪು. ಹಾಗೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಮಂಕು ಕವಿಯುತ್ತವೆ. ಬಾಯಾರಿದಾಗಲೆಲ್ಲ ಸ್ವಲ್ಪ ಸ್ವಲ್ಪ ಕುಡಿಯಿರಿ. ದಾರಿಯ ಅರವಂಟಿಗೆಗಳಲ್ಲಿ ಕೊಡುವ ಉಪ್ಪು ಹಾಕಿದ ಮಜ್ಜಿಗೆ ಉತ್ತಮ. ಪಾನಕ ಆರೋಗ್ಯವಂತರಿಗೆ ಒಳ್ಳೆಯದು, ಸಕ್ಕರೆ ಕಾಯಿಲೆಯವರಿಗೆ ಬೇಡ.

ವಾಂತಿ ಭೇದಿಯಾದರೆ ಓ.ಆರ್.ಎಸ್. ಬೇಕು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕದಡಿ. ಅದು ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ. ಇದನ್ನು ಅಗ್ಗದ ಮದ್ದೆಂದು ಕಡೆಗಣಿಸಬೇಡಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಹಾಕುವ ದ್ರಾವಣ ಮುಗಿದುಹೋಯಿತು. ಆಗ ಡಾ. ದಿಲೀಪ್ ಮಹಾಲನಬಿಸ್ ಇಂಥ ನೀರನ್ನೇ ಕುಡಿಸಿ, ಶೇಕಡ 30ರಷ್ಟಿದ್ದ ಸಾವನ್ನು ಶೇಕಡ 4ಕ್ಕೂ ಕೆಳಗಿಳಿಸಿದರು.

ತಲೆಸುತ್ತು, ವಿಪರೀತ ಸುಸ್ತು, ಮೀನಖಂಡದ ಸೆಳೆತ ಕಂಡರೆ ನೆರಳಲ್ಲಿ ಮಲಗಿಸಿ, ಕಾಲು ಎತ್ತರಿಸಿ, ಉಪ್ಪು ಬೆರೆತ ನೀರು ಕೊಡಿ. ಆದರೆ ಮೈ ಕೆಂಡದಂತೆ ಕಾದು, ಮಾತು ತೊದಲಿ, ಏನೇನೋ ಬಡಬಡಿಸಿದರೆ ಅದು ಬಿಸಿಲಾಘಾತ. ಆಗ ದೇಹದ ಉಷ್ಣತೆ 104 ಡಿಗ್ರಿ ಫ್ಯಾರನ್‌ಹೀಟ್ ಮೀರಿರುತ್ತದೆ. ಬೆವರು ನಿಂತಿರಲೇಬೇಕೆಂದಿಲ್ಲ. ಪ್ಯಾರಾಸಿಟಮಾಲ್ ಮಾತ್ರೆಯಿಂದ ಇದು ಇಳಿಯದು. ಗಾಡಿಗೆ ಕಾಯುತ್ತ ಕೂರದೆ ಅಲ್ಲೇ ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಸುರಿದು, ಟವೆಲ್ಲಿನಿಂದ ಬಿರುಸಾಗಿ ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಮೈ ತಂಪು ಮಾಡುತ್ತಲೇ ಆಸ್ಪತ್ರೆಗೆ ಸಾಗಿಸಿ. ಕಾಡಿನೊಳಗೆ ಫೋನು ಸಿಗದಿರಬಹುದು. ಸಿಗುವ ಜಾಗಕ್ಕೆ ಒಬ್ಬರನ್ನು ಓಡಿಸಿ 108ಕ್ಕೆ ಕರೆ ಮಾಡಿಸಿ.

ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ರಕ್ತ ಹೀರುವುದು ಬೇಡ. ಕಾಲುಂಗುರ, ಗೆಜ್ಜೆ ತೆಗೆದು, ಕಾಲನ್ನು ಅಲುಗಾಡಿಸದಂತೆ ಹೊತ್ತು, ಆದಷ್ಟು ಬೇಗ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸೇರಿಸಿ.

ಮಾತ್ರೆಗಳ ವಿಷಯ

ಉಪವಾಸ ಮತ್ತು ನಡಿಗೆ ಎರಡೂ ರಕ್ತದ ಸಕ್ಕರೆಯನ್ನು ಇಳಿಸುತ್ತವೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಂಡು ಬರಿಹೊಟ್ಟೆಯಲ್ಲಿ ನಡೆದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ಹಸಿವು, ಸಿಡುಕು ಅದರ ಲಕ್ಷಣ. ನಡೆಯುವಾಗ ಬೆವರುವುದು ಸಹಜವಾದ್ದರಿಂದ ಇದು ಗಮನಕ್ಕೆ ಬಾರದೆ ಹೋಗುತ್ತದೆ. ಅನುಮಾನ ಬಂದ ಕೂಡಲೆ 3 ಚಹಾ ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. 15 ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ, ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆ ಸೇವಿಸುವವರಿಗೆ ಉಪವಾಸ, ನಿರ್ಜಲತೆ ಬೇರೆ ತೊಂದರೆ ತರಬಲ್ಲವು. ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಬಾರದು ಎಂಬುದನ್ನು ಹೊರಡುವ ಮೊದಲು ನಿಮ್ಮ ವೈದ್ಯರೇ ಹೇಳಬೇಕು.

ಕಾಲುನೋವಿಗೆ ಡೈಕ್ಲೋಫಿನಾಕ್‌ನಂಥ ಮಾತ್ರೆ ನುಂಗಿ ನಡೆಯುವವರು ಬಹಳ. ನೀರು ಕಳೆದುಕೊಂಡ ದೇಹದಲ್ಲಿ ಇವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಅಲ್ಲದೆ ಎಚ್ಚರಿಸುತ್ತಿರುವ ಕಾವಲುಗಾರನ ಬಾಯಿ ಮುಚ್ಚಿಸಿ ಮುಂದೆ ನಡೆದಂತಾಗುತ್ತದೆ. ಮೂತ್ರ ಕಡು ಹಳದಿಯಾದರೆ ನೀರು ಸಾಲದೆಂದು ಅರ್ಥ. ಕಾಫಿ ಕಷಾಯದ ಬಣ್ಣಕ್ಕೆ ತಿರುಗಿದರೆ ಸ್ನಾಯು ಜಖಂಗೊಂಡಿರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಿ. ಏರುದಾರಿಯಲ್ಲಿ ಎದೆ ಬಿಗಿತ, ಎಡತೋಳು ಅಥವಾ ದವಡೆಯ ನೋವು ಕಂಡರೆ ಗ್ಯಾಸ್ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಅಲ್ಲೇ ನಿಂತು ಸಹಾಯ ಕರೆಯಿರಿ.

ಸಂಜೆ: ಹತ್ತು ನಿಮಿಷ ಪಾದಕ್ಕೆ

ತಂಗುವ ಜಾಗ ಸೇರಿದ ಮೇಲೆ ಊಟಕ್ಕಿಂತ ಮೊದಲು ಪಾದ ತೊಳೆದು ಒರೆಸಿ. ಟಾರ್ಚ್ ಬೆಳಕಿನಲ್ಲಿ ಅಂಗಾಲು, ಹಿಮ್ಮಡಿ, ಬೆರಳ ಸಂದು ಎಲ್ಲ ನೋಡಿ. ಬಗ್ಗಲಾಗದವರು ಕನ್ನಡಿ ಹಿಡಿದು ನೋಡಿ, ಕಣ್ಣು ಮಂಜಾದವರು ಜೊತೆಯವರಿಗೆ ತೋರಿಸಿ. ಮುಳ್ಳು, ಕೆಂಪು, ಬಿರುಕು, ಊತ ಏನಿದೆಯೆಂದು ಹುಡುಕಿ. ಅಂಗೈ ಇಟ್ಟು ಎರಡೂ ಪಾದದ ಬಿಸಿ ಹೋಲಿಸಿ. ಒಂದು ಕಡೆ ಬಿಸಿ ಹೆಚ್ಚಾಗಿದ್ದರೆ ಅಲ್ಲಿ ಒಳಗೇ ಪೆಟ್ಟಾಗಿದೆ. ನೋವು ತಿಳಿಯದವರಿಗೆ ಕಣ್ಣು ಮತ್ತು ಅಂಗೈಯೇ ಕಾವಲು. ಬೆಳಗ್ಗೆ ಬೂಟು ಹಾಕುವಾಗ ಒಳಗೆ ಕೈಹಾಕಿ ನೋಡುವ ಬದಲು ತಲೆಕೆಳಗು ಮಾಡಿ ಕೊಡವಿ, ಚೇಳಿರಬಹುದು.

ಯಾರು ನಡೆಯಬಾರದು?

ಪಾದದಲ್ಲಿ ಈಗಾಗಲೇ ಹುಣ್ಣಿರುವವರು, ಇತ್ತೀಚೆಗೆ ಹೃದಯಾಘಾತವಾದವರು, ಮಹಡಿ ಹತ್ತಿದರೆ ಎದೆನೋವು ಬರುವವರು, ಮೂತ್ರಪಿಂಡದ ಕಾಯಿಲೆಯವರು, ಜ್ವರವಿರುವವರು, ತುಂಬು ಗರ್ಭಿಣಿಯರು ಈ ದಾರಿ ಹಿಡಿಯಬಾರದು. ಸ್ಪರ್ಶ ಕಳೆದುಕೊಂಡವರು ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಪಾದರಕ್ಷೆಯಲ್ಲಿ, ವೈದ್ಯರು ಒಪ್ಪಿದಷ್ಟು ದೂರ ಮಾತ್ರ ನಡೆಯಬೇಕು. ಉಳಿದ ದಾರಿಗೆ ಬಸ್ಸಿದೆ.

ಬೆರಳು ಕಳೆದುಕೊಂಡ ನನ್ನ ರೋಗಿ ಮರುವರ್ಷ ಶಿವರಾತ್ರಿಗೆ ಮೊದಲು ಬಂದರು. ಕುರ್ಚಿಯಲ್ಲಿ ಕೂರುತ್ತಲೇ ನಾನು ಕೇಳುವ ಮೊದಲೇ ಎರಡೂ ಚಪ್ಪಲಿ ಬಿಚ್ಚಿದರು. ಗಾಯವಿರಲಿಲ್ಲ. "ಈ ಸಲ ನಡೆಯಲ್ಲ ಡಾಕ್ಟ್ರೇ. ಸಾತನೂರ ಹತ್ರ ನಮ್ಮೋರು ಅರವಂಟಿಗೆ ಹಾಕ್ತಾರೆ, ಮಜ್ಜಿಗೆ ಹುಯ್ಯೋಕೆ ಹೋಯ್ತೀನಿ. ಆಮೇಲೆ ಬಸ್ಸಲ್ಲಿ ಬೆಟ್ಟ" ಎಂದರು. ಅಂದಿನಿಂದ ಸಕ್ಕರೆ ಕಾಯಿಲೆಯವರು ಯಾರೇ ಬಂದರೂ ನಾನು ಮೊದಲು ಹೇಳುವ ಮಾತು 'ಚಪ್ಪಲಿ ಬಿಚ್ಚಿ' ಎಂದು. ಈ ಅಂಕಣ ಓದಿದವರು ಇವತ್ತು ರಾತ್ರಿ ಮಲಗುವ ಮುನ್ನ ಆರು ಬೆರಳ ಪರೀಕ್ಷೆ ಮಾಡಿಕೊಳ್ಳಿ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಅವರ ಕಾಲನ್ನು ನೀವೇ ಮುಟ್ಟಿ ನೋಡಿ.